ಬ್ಲರ್ ಎಷ್ಟು ಬೇಕು, ಮನೆ ಎಷ್ಟು ಬೇಕು

ಹೊಸದಾಗಿ ಕ್ಯಾಮೆರಾ ತಗೊಂಡ ಗೆಳೆಯರು ನನ್ನನ್ನ ಕೇಳೋ ಪ್ರಶ್ನೆ ಬಹುತೇಕ ಒಂದೇ: "ಮುಖ ಶಾರ್ಪ್ ಇರ್ಬೇಕು, ಹಿಂದೆ ಎಲ್ಲ ಬ್ಲರ್ ಆಗ್ಬೇಕು. ಯಾವ ಲೆನ್ಸ್ ತಗೊಳ್ಳಲಿ?" ಎಫ್ ನಂಬರ್ ಕಡಿಮೆ ಇರೋದು ತಗೋ ಅಂತ ಹೇಳೋದು ಸುಲಭ. ಆದರೆ ಅದು ಅರ್ಧ ಉತ್ತರ. 50 ಮಿ.ಮೀ. ಎಫ್/1.8, 85 ಮಿ.ಮೀ. ಎಫ್/1.8, ಎರಡಕ್ಕೂ ಎಫ್ ನಂಬರ್ ಒಂದೇ. ಬ್ಲರ್ ಮಾತ್ರ ಬೇರೆ ಬೇರೆ.

ಲೆಕ್ಕ ಕಷ್ಟದ್ದಲ್ಲ. ಫೋಕಲ್ ಲೆಂತನ್ನು ಎಫ್ ನಂಬರಿನಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ಅಗಲ ಸಿಗುತ್ತದೆ. 50 ಮಿ.ಮೀ. ಲೆನ್ಸಿಗೆ ಸುಮಾರು 28 ಮಿ.ಮೀ., ಅಂದರೆ ನಮ್ಮ 10 ರೂಪಾಯಿ ನಾಣ್ಯದಷ್ಟು. 85ಕ್ಕೆ 47 ಮಿ.ಮೀ., ಒಂದು ಒಳ್ಳೆ ನಿಂಬೆಹಣ್ಣಿನಷ್ಟು. ಫೋನಿನ ಮುಖ್ಯ ಕ್ಯಾಮೆರಾದ ನಿಜವಾದ ಫೋಕಲ್ ಲೆಂತ್ ಆರೇಳು ಮಿ.ಮೀ. ಅಷ್ಟೇ, ಹಾಗಾಗಿ ಅದರ ಕಿಂಡಿ ಒಂದು ಮೆಣಸಿನ ಕಾಳಿನಷ್ಟು. ಅದಕ್ಕೇ ಫೋನು ಪೋರ್ಟ್ರೇಟ್ ಮೋಡ್‌ನಲ್ಲಿ ಬ್ಲರನ್ನು ಸಾಫ್ಟ್‌ವೇರಿನಿಂದ ಮಾಡುತ್ತದೆ. ಕೆಲವೊಮ್ಮೆ ಕೂದಲ ಅಂಚು, ಕನ್ನಡಕದ ಕಡ್ಡಿ ಮಾಯ ಆಗೋದು ಇದರಿಂದಲೇ.

ರಾತ್ರಿ ಫೋಟೋದಲ್ಲಿ ದೂರದ ಬೀದಿದೀಪ ಗುಂಡಗೆ ಹರಡಿಕೊಂಡಿರೋದು ನೋಡಿದ್ದೀರಲ್ಲ? ದೀಪ ತುಂಬಾ ದೂರ ಇದ್ದರೆ, ಆ ಗುಂಡನ್ನು ಚಿತ್ರದಲ್ಲಿರುವ ಮುಖಕ್ಕೆ ಹೋಲಿಸಿ ಅಳೆದರೆ ಅದು ಹೆಚ್ಚುಕಡಿಮೆ ಈ ಕಿಂಡಿಯಷ್ಟೇ ದೊಡ್ಡದು. 50ರಲ್ಲಿ ಕೆನ್ನೆ ಪಕ್ಕ ನಾಣ್ಯ, 85ರಲ್ಲಿ ನಿಂಬೆಹಣ್ಣು.

ಇನ್ನೊಂದು ವಿಷಯ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಸೊಂಟದಿಂದ ಮೇಲೆ ಬರೋ ಹಾಗೆ ತೆಗೆಯೋಕೆ 50 ಮಿ.ಮೀ. ಹಿಡಿದು ಒಂದೂವರೆ ಮೀಟರ್ ದೂರ ನಿಂತರೆ, 85ಕ್ಕೆ ಎರಡೂವರೆ ಮೀಟರ್ ಹಿಂದೆ ಸರಿಯಬೇಕು. ಆಗ ವ್ಯಕ್ತಿ ಎರಡರಲ್ಲೂ ಒಂದೇ ಗಾತ್ರ. ಮುಖದ ಹಿಂದೆ ಮುಂದೆ ಶಾರ್ಪ್ ಆಗಿರುವ ಜಾಗವೂ ಹೆಚ್ಚುಕಡಿಮೆ ಒಂದೇ. ಆದರೆ 85, ಹಿನ್ನೆಲೆಯ ಸಣ್ಣ ತುಂಡನ್ನು ಮಾತ್ರ ತಗೊಂಡು ಅದನ್ನೇ ದೊಡ್ಡದು ಮಾಡಿ ತೋರಿಸುತ್ತದೆ, ಜೊತೆಗೆ ಅದರ ಬ್ಲರನ್ನೂ. ಗೋಡೆಗೆ ಒರಗಿ ನಿಂತವರ ಹಿಂದೆ ಮಾತ್ರ ಯಾವ ಲೆನ್ಸೂ ಪವಾಡ ಮಾಡಲ್ಲ. ಗೋಡೆಯಿಂದ ನಾಲ್ಕು ಹೆಜ್ಜೆ ಮುಂದೆ ಕರೆಯಿರಿ, ಅದು ಖರ್ಚಿಲ್ಲದ ಉಪಾಯ.

ಇಷ್ಟೆಲ್ಲ ಗೊತ್ತಿದ್ದೂ ಕಳೆದ ವರ್ಷ ಸಾಗರದ ಹತ್ತಿರದ ನಮ್ಮೂರಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಟ್ಟೆ. ಅಜ್ಜಿಗೆ 80 ತುಂಬಿತ್ತು. ಗೋಡೆಗೆ ಹಾಕೋಕೆ ಒಂದು ಒಳ್ಳೆ ಫೋಟೋ ಬೇಕು ಅಂತ ಮನೆಯವರೆಲ್ಲ ಹೇಳಿದ್ದರು. ಅದೇ ವರ್ಷ ಮಳೆಗಾಲ ಮುಗಿದ ಮೇಲೆ ಹೆಂಚಿನ ಮನೆ ಕೆಡವಿ ಹೊಸದು ಕಟ್ಟೋದು ಅಂತ ಚಿಕ್ಕಪ್ಪ ತೀರ್ಮಾನ ಮಾಡಿದ್ದರು. ಅಜ್ಜಿ ಮದುವೆಯಾಗಿ ಬಂದಿದ್ದು ಅದೇ ಮನೆಗೆ.

ಬ್ಯಾಗಲ್ಲಿ ಎರಡೂ ಲೆನ್ಸ್ ಇತ್ತು. 85 ಹಾಕಿ ಎಫ್/1.8ರಲ್ಲಿ ಒಂದು ತೆಗೆದು ತೋರಿಸಿದೆ. ಮುಖದ ಸುಕ್ಕು, ಮೂಗುತಿ ಎಲ್ಲ ಚಂದ ಬಂದಿತ್ತು. ಹಿಂದೆ ಹಸಿರು, ಕಂದು ಬಣ್ಣದ ಮಂಜು. ಅಜ್ಜಿ ಕನ್ನಡಕ ಏರಿಸಿ ನೋಡಿ, "ಚಂದ ಬಂದದೆ ಮಗಾ. ಜಗಲಿ ಎಲ್ಲಿ?" ಅಂದರು.

ಆಮೇಲೆ 50 ಹಾಕಿದೆ. ಎಫ್/4ಕ್ಕೆ ಇಳಿಸಿದೆ. ಕಿಂಡಿ 12 ಮಿ.ಮೀ.ಗೆ ಬಂತು. ಅಜ್ಜಿಯ ಹಿಂದೆ ಜಗಲಿಯ ಕಂಬ, ತುಳಸಿಕಟ್ಟೆ, ಹೆಂಚಿನ ಸಾಲು ಮೆತ್ತಗೆ ಮಸುಕಾದವು, ಆದರೆ ಇದು ಇಂಥದ್ದು ಅಂತ ಗುರುತು ಸಿಗುವಷ್ಟು ಉಳಿದವು. ಕಣ್ಣು ಮೊದಲು ಅಜ್ಜಿಯ ಮುಖಕ್ಕೆ ಹೋಗುತ್ತೆ, ಆಮೇಲೆ ಮನೆಗೆ.

ಈಗ ಯಾರಾದರೂ ಲೆನ್ಸ್ ಬಗ್ಗೆ ಕೇಳಿದರೆ ನಾನು ತಿರುಗಿ ಕೇಳೋದು ಇಷ್ಟೇ: ನಿಮ್ಮ ಹಿಂದೆ ಇರೋದು ಮರೆಸಬೇಕಾದ ಪಾರ್ಕಿಂಗ್ ಲಾಟೋ, ಉಳಿಸಿಕೊಳ್ಳಬೇಕಾದ ಜಾಗವೋ? ಮರೆಸೋಕೆ 85 ತುಂಬಾ ಒಳ್ಳೆಯದು, ಮದುವೆ ಹಾಲ್‌ಗಳಲ್ಲಿ ನಾನು ಅದನ್ನೇ ಹಿಡಿಯೋದು. ಊರಿಗೆ ಹೋಗುವಾಗ ಮಾತ್ರ ಕ್ಯಾಮೆರಾಗೆ 50 ಹಾಕಿಕೊಂಡೇ ಬಸ್ ಹತ್ತುತ್ತೇನೆ.