ಕಾಳ ತೋರಿಸಿದ ಡರ್ಬಿಶೈರ್

ಕನ್ನಡದಲ್ಲಿ ನಾಯಿಗೆ ಅಷ್ಟೇನೂ ಮರ್ಯಾದೆ ಇಲ್ಲ ನೋಡಿ. ಕಷ್ಟಪಟ್ಟರೆ 'ನಾಯಿಪಾಡು', ಸಣ್ಣತನ ತೋರಿದರೆ 'ನಾಯಿಬುದ್ಧಿ', ಎಷ್ಟು ಹೇಳಿದರೂ ತಿದ್ದಿಕೊಳ್ಳದವರಿಗೆ 'ನಾಯಿ ಬಾಲ ಡೊಂಕು'! ಆದರೂ ಮಂಡ್ಯ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಜಗಲಿ ಇದ್ದ ಮನೆಗೆಲ್ಲ ಒಂದು ನಾಯಿ ಇರುತ್ತಿತ್ತು. ನಮ್ಮಜ್ಜನ ನಾಯಿಯ ಹೆಸರು ಕಾಳ. ಅಜ್ಜ ಗದ್ದೆಗೆ ಹೊರಟರೆ ಅದು ಮುಂದೆ, ನಾನು ಹಿಂದೆ. ಅಜ್ಜನ ಮುದ್ದೆಯ ಕೊನೆಯ ತುತ್ತು ಯಾವಾಗಲೂ ಅದರ ಪಾಲು.

ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಹೌಸ್ ಸರ್ಜನ್ ಆಗಿದ್ದಾಗ ಆ ಸ್ನೇಹ ಕಡಿದುಹೋಯಿತು. ಹುಚ್ಚುನಾಯಿ ಕಚ್ಚಿದ ಹುಡುಗನೊಬ್ಬನನ್ನು ವಾರ್ಡಿಗೆ ಕರೆತಂದಿದ್ದರು. ಬಾಯಾರಿಕೆ ಎಂದು ನೀರು ಕೇಳುತ್ತಿದ್ದ, ಲೋಟ ಹತ್ತಿರ ತಂದರೆ ಗಂಟಲು ಬಿಗಿದು ಚೀರುತ್ತಿದ್ದ. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ವೈದ್ಯರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಮೂರನೆಯ ದಿನ ಹುಡುಗ ಹೋದ. ಅಂದಿನಿಂದ ನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವವನಾದೆ. ಎಂ.ಡಿ. ಮಾಡಿ, 1999ರಲ್ಲಿ ಇಂಗ್ಲೆಂಡಿಗೆ ಬಂದು, ಚೆಸ್ಟರ್‌ಫೀಲ್ಡ್‌ನಲ್ಲಿ ಮನೆ ಮಾಡಿದ ಮೇಲೂ ಅಷ್ಟೇ. ಈ ದೇಶದ ನಾಯಿಗಳಲ್ಲಿ ರೇಬಿಸ್ ಇಲ್ಲವೆಂದು ತಲೆಗೆ ಗೊತ್ತಿತ್ತು, ಕಾಲು ಕೇಳುತ್ತಿರಲಿಲ್ಲ!

2022ರಲ್ಲಿ ಎರಡನೆಯ ಮಗಳೂ ಯೂನಿವರ್ಸಿಟಿಗೆ ಹೊರಟಳು. ಮನೆಯಲ್ಲಿ ಫ್ರಿಜ್ ಸದ್ದು ಕೇಳಿಸುವಷ್ಟು ಮೌನ. ನಾಯಿ ತರೋಣವೆಂದವಳು ನನ್ನಾಕೆ. ಅನಾಥ ನಾಯಿಗಳ ಆಶ್ರಯದಿಂದ ಇಬ್ಬರು ಮನೆ ನೋಡಲು ಬಂದರು. ಬೇಲಿ ಎಷ್ಟು ಎತ್ತರ, ದಿನಕ್ಕೆಷ್ಟು ಹೊತ್ತು ಮನೆಯಲ್ಲಿ ಯಾರೂ ಇರುವುದಿಲ್ಲ, ರಜೆಗೆ ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ... ನಮ್ಮ ಮದುವೆ ಮಾತುಕತೆಯಲ್ಲೂ ಇಷ್ಟು ಪ್ರಶ್ನೆ ಕೇಳಿರಲಿಲ್ಲ! ಕೊನೆಗೆ ಬಂದವನು ಮೂರು ವರ್ಷದ ಕಪ್ಪು ಲ್ಯಾಬ್ರಡಾರ್ ಮಿಶ್ರತಳಿ. ಮೊದಲ ರಾತ್ರಿ ನಾನು ಸೋಫಾದ ಈ ತುದಿಯಲ್ಲಿ, ಅವನು ಕೋಣೆಯ ಆ ತುದಿಯಲ್ಲಿ. ಬೆಳಗಿನ ಜಾವ ಎಚ್ಚರವಾದಾಗ ನನ್ನ ಪಾದದ ಮೇಲೆ ಅವನ ಗದ್ದ ಇತ್ತು. ನಾನು ಕಾಲು ಎಳೆದುಕೊಳ್ಳಲಿಲ್ಲ. ಕಾಳ ಎಂದು ಹೆಸರಿಟ್ಟೆ. ಕನ್ನಡ ಸಂಘದ ನಮ್ಮ ಮಕ್ಕಳಿಗೇ ಕಷ್ಟವಾದ ಳಕಾರವನ್ನು ಬೀದಿಯ ಇಂಗ್ಲಿಷರಿಗೆ ಕಲಿಸುವ ಕೆಲಸ ಈಗ ನನ್ನದು!

ಅಡುಗೆಮನೆಗೆ ಬರಕೂಡದೆಂಬ ನನ್ನಾಕೆಯ ಷರತ್ತು ಒಂದು ತಿಂಗಳು ನಡೆಯಿತು. ಈಗ ಒಗ್ಗರಣೆಯಿಲ್ಲದ ಒಂದು ತುತ್ತು ಮೊಸರನ್ನ ಅವನಿಗೆ ಸಲ್ಲುತ್ತದೆ. ಈರುಳ್ಳಿ, ಚಾಕೊಲೇಟ್, ಕೇಸರಿಬಾತಿನ ದ್ರಾಕ್ಷಿ ಮಾತ್ರ ಎಟುಕದಂತೆ ನೋಡಿಕೊಳ್ಳಬೇಕು. ಇವು ನಾಯಿಗೆ ವಿಷ. ದ್ರಾಕ್ಷಿಯಂತೂ ಮೂತ್ರಪಿಂಡವನ್ನೇ ಕೆಡಿಸಬಲ್ಲದು.

ನಿಜವಾದ ಬದಲಾವಣೆ ಆದದ್ದು ಮನೆಯ ಹೊರಗೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನನಗೆ ಗೊತ್ತಿದ್ದ ಡರ್ಬಿಶೈರ್ ಎಂದರೆ ಆಸ್ಪತ್ರೆಯ ದಾರಿ, ಊರಿಂದ ಬಂದ ನೆಂಟರಿಗೆ ತೋರಿಸುವ ಚಾಟ್ಸ್‌ವರ್ತ್ ಅರಮನೆ, ಅಷ್ಟೇ. ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವೆಂದು 1951ರಲ್ಲಿ ಘೋಷಿತವಾದ ಪೀಕ್ ಡಿಸ್ಟ್ರಿಕ್ಟ್ ಮನೆಯ ಹಿತ್ತಲಿನಷ್ಟು ಹತ್ತಿರ! ಕಾಳನ ಹಿಂದೆ ಹೊರಟ ಮೇಲೆಯೇ ಅದರ ಕಾಲುದಾರಿಗಳು ನನಗೆ ಕಂಡದ್ದು. ರೈತರ ಹೊಲದ ನಡುವೆಯೇ ಹಾಯುವ ಸಾರ್ವಜನಿಕ ಹಾದಿ, ಕಲ್ಲುಬೇಲಿ ದಾಟಲು ನಮ್ಮ ಮಲೆನಾಡಿನ ತಡಮೆಯಂಥ ಮೆಟ್ಟಿಲು. ಕರ್ಬರ್ ಎಡ್ಜ್ ಎಂಬ ಬಂಡೆಸಾಲಿನ ಮೇಲೆ ಆಗಸ್ಟಿನಲ್ಲಿ ಹೆದರ್ ಹೂ ಅರಳಿ ಬೆಟ್ಟವೆಲ್ಲ ನೇರಳೆ. ಮಾರ್ಚ್ 1ರಿಂದ ಜುಲೈ 31ರವರೆಗೆ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗಾಗಿ ಈ ಬಯಲಿನಲ್ಲಿ ನಾಯಿಗೆ ಎರಡು ಮೀಟರ್ ಮೀರದ ಹಗ್ಗ ಕಡ್ಡಾಯ.

ಸ್ಟೋನಿ ಮಿಡಲ್ಟನ್‌ನಿಂದ ಈಮ್ ಎಂಬ ಹಳ್ಳಿಗೆ ಏರುವ ಹೊಲದ ದಾರಿಯಲ್ಲಿ ಒಂದು ದಿನ ಕಾಳ ಒಂದು ಬಂಡೆಯ ಬಳಿ ನಿಂತು ಮೂಸತೊಡಗಿದ. ಅದರ ಮೇಲೆ ಕೊರೆದ ಕುಳಿಗಳು. 1665ರಲ್ಲಿ ಲಂಡನ್ನಿನಿಂದ ದರ್ಜಿಯ ಮನೆಗೆ ಬಂದ ಬಟ್ಟೆಯ ಗಂಟಿನೊಂದಿಗೆ ಪ್ಲೇಗ್ ಆ ಹಳ್ಳಿಗೆ ಹೊಕ್ಕಿತೆಂದು ಹೇಳುತ್ತಾರೆ. ರೋಗ ಸುತ್ತಲ ಊರುಗಳಿಗೆ ಹರಡದಿರಲೆಂದು ಹಳ್ಳಿಗರು ತಾವೇ ಗಡಿ ಹಾಕಿಕೊಂಡರು. ಹೊರಗಿನವರು ತಂದಿಡುವ ಆಹಾರಕ್ಕೆ ಬದಲಾಗಿ ಈ ಕುಳಿಗಳಲ್ಲಿ ವಿನಿಗರ್ ತುಂಬಿ ನಾಣ್ಯ ಹಾಕುತ್ತಿದ್ದರಂತೆ. ಆ ಹಳ್ಳಿಯಲ್ಲಿ ಸತ್ತವರು ಸುಮಾರು 260 ಜನ. ಎಷ್ಟೋ ಸಲ ಕಾರಿನಲ್ಲಿ ಹಾದುಹೋದ ಊರು. ಆದರೆ ವೈದ್ಯನಾದ ನಾನು ಆ ಬಂಡೆಯನ್ನು ಮುಟ್ಟಿದ್ದು ಅಂದೇ.

ನನ್ನ ತವರು ಜಿಲ್ಲೆಯಲ್ಲೂ ಇಂಥದ್ದೊಂದು ಕಲ್ಲಿತ್ತು. ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೆಯ ಶತಮಾನದ ಶಾಸನ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರಾಜ ಬೂತುಗನ ವೀರ ಮಣಲೇರ, ಯುದ್ಧದಲ್ಲಿ ಗೆದ್ದು ಬಂದಾಗ ಬಹುಮಾನವಾಗಿ ಬೇಡಿದ್ದು 'ಕಾಳಿ' ಎಂಬ ನಾಯಿಯನ್ನು. ಅದು ಕಾಡುಹಂದಿಯೊಂದಿಗೆ ಕಾದಾಡಿ ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು! ಕನ್ನಡಿಗರು ನಾಯಿಗೆ ಮರ್ಯಾದೆ ಕೊಟ್ಟಿಲ್ಲವೆಂದು ಯಾರು ಹೇಳಿದರು?

ಸಂಘದ ಊಟದ ಸಾಲಿನಲ್ಲಿ ನಮ್ಮ ವಯಸ್ಸಿನವರಿಗೆ ತಪ್ಪದ ಪ್ರಶ್ನೆ ಒಂದಿದೆ: "ಡಾಕ್ಟ್ರೇ, ರಿಟೈರ್ ಆದ್ಮೇಲೆ ಊರಿಗೋ, ಇಲ್ಲೇನೋ?" ಮೈಸೂರಿನಲ್ಲಿ ಸೈಟಿದೆ, ಮನದಲ್ಲಿ ಮನೆಯ ನಕ್ಷೆಯೂ ಇದೆ. ನಮ್ಮಲ್ಲಿ ಹಲವರು ಇಲ್ಲಿ ಬದುಕುವುದು ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ. ಸಾಮಾನು ಪಕ್ಕದಲ್ಲಿ, ಕಣ್ಣು ದಾರಿಯ ಮೇಲೆ. ನಾಯಿಗೆ ಈ ಲೆಕ್ಕ ತಿಳಿಯದು. ಮಳೆಯಿರಲಿ, ಹಿಮವಿರಲಿ, ಬೆಳಿಗ್ಗೆ ಆರೂವರೆಗೆ ಬಾಗಿಲ ಬಳಿ ನಿಂತಿರುತ್ತದೆ. ಹಾಗೆ ಹೊರಟು ಹೊರಟೇ ಹೆಸರು ಗೊತ್ತಿಲ್ಲದ ನೆರೆಯವರು ಸ್ನೇಹಿತರಾದರು. ಕಳೆದ ಚಳಿಗಾಲ ನಾನು ಜ್ವರದಲ್ಲಿ ಮಲಗಿದಾಗ, ಎದುರುಮನೆಯ ಎಂಬತ್ತರ ಅಜ್ಜಿ ಕಾಳನನ್ನು ತಿರುಗಾಡಿಸಲು ತಾವೇ ಬಂದು ಬಾಗಿಲು ತಟ್ಟಿದರು.

ಕಾಳನಿಗೆ ಈಗ ಆರು ದಾಟಿದೆ. ಲ್ಯಾಬ್ರಡಾರ್‌ಗಳ ಆಯಸ್ಸು ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷ. ಅವನ ಮತ್ತು ನನ್ನ ವಯಸ್ಸನ್ನು ಕೂಡಿ ಕಳೆದು ನೋಡುವ ಅಭ್ಯಾಸ ವೈದ್ಯನಿಗೆ ಬಿಡುವುದಿಲ್ಲ. ಹೀಗೆ ಲೆಕ್ಕ ಹಾಕಿಯೇ ನಾನೂ ನನ್ನಾಕೆಯೂ ಒಂದು ತೀರ್ಮಾನಕ್ಕೆ ಬಂದೆವು. ಅವನಿರುವಷ್ಟು ದಿನ ನಾವು ಇಲ್ಲಿಯವರೇ. ಸೈಟು ಎಲ್ಲಿಗೂ ಓಡಿಹೋಗುವುದಿಲ್ಲ. ಐವತ್ತು ದಾಟಿದ ಸ್ನೇಹಿತರೇ, ನಿಮಗೂ ನಾಯಿ ಸಾಕುವ ಮನಸ್ಸಿದ್ದರೆ ದೊಡ್ಡ ನಾಯಿಯನ್ನೇ ತನ್ನಿ, ಮರಿ ಬೇಡ. ಅದರ ಸ್ವಭಾವ ಮೊದಲೇ ತಿಳಿದಿರುತ್ತದೆ. ಅದಕ್ಕೂ ನಮ್ಮ ಹಾಗೆ ಇನ್ನೊಂದು ಊರು ಬೇಕಾಗಿರುತ್ತದೆ.