ಲಂಡನ್ನಿನ ದೀಪವೃಕ್ಷ

ಡಿಸೆಂಬರ್ ಮಾಸದಲ್ಲಿ ಲಂಡನ್ನಿನ ಸೂರ್ಯನು ಸಂಜೆ ನಾಲ್ಕಕ್ಕೆ ಮೊದಲೇ ಅಸ್ತಮಿಸುತ್ತಾನೆ. ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದ ತಾಯಿಯವರು ಆ ಕತ್ತಲೆಗೂ ಚಳಿಗೂ ಬೇಸತ್ತು ಹದಿನೈದು ದಿನಗಳಿಂದ ಹೊರಗೆ ಕಾಲಿಟ್ಟಿರಲಿಲ್ಲ. ಕ್ರಿಸ್ಮಸ್ ದೀಪಗಳನ್ನು ನೋಡಲೇಬೇಕೆಂದು ಮೊಮ್ಮಗಳು ಹಟಹಿಡಿದು ಅವರನ್ನು ಹೊರಡಿಸಿದಳು.

1954ರಲ್ಲಿ ಮೊದಲ ಬಾರಿಗೆ ದೀಪಾಲಂಕಾರ ಕಂಡ ರೀಜೆಂಟ್ ಬೀದಿಯಲ್ಲಿ, ರೆಕ್ಕೆ ಬಿಚ್ಚಿದ ಬೆಳಕಿನ ದೇವದೂತರು ತಲೆಯ ಮೇಲೆ ತೇಲುತ್ತಿದ್ದರು. “ನಮ್ಮ ಅರಮನೆಯ ದಸರಾ ದೀಪಗಳ ಮುಂದೆ ಇದೇನು ಮಹಾ!” ಎಂದರು ತಾಯಿಯವರು.

ಟ್ರಫಾಲ್ಗರ್ ಚೌಕದಲ್ಲಿ ಮಾತ್ರ ಬಹಳ ಹೊತ್ತು ನಿಂತರು. ಸುಮಾರು 20 ಮೀಟರ್ ಎತ್ತರದ ಸ್ಪ್ರೂಸ್ ಮರ. ತುದಿಯಿಂದ ಬುಡದವರೆಗೆ ನೇರವಾಗಿ ಇಳಿಬಿಟ್ಟ ಬಿಳಿಯ ದೀಪಮಾಲೆಗಳು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ನೀಡಿದ ನೆರವನ್ನು ನೆನೆದು, ನಾರ್ವೆಯ ಓಸ್ಲೋ ನಗರವು 1947ರಿಂದ ವರ್ಷವರ್ಷವೂ ಇಂಥದೊಂದು ಮರವನ್ನು ಕಳುಹಿಸುತ್ತ ಬಂದಿದೆ. ಶತ್ರುವಿಮಾನಗಳ ಭಯದಿಂದ ಕಿಟಕಿಗಳಿಗೆ ಕಪ್ಪು ಪರದೆ ಕಟ್ಟಿ ಕತ್ತಲಲ್ಲಿ ಕುಳಿತಿದ್ದ ನಗರಕ್ಕೆ ಇದಕ್ಕಿಂತ ಯೋಗ್ಯವಾದ ಕಾಣಿಕೆ ಯಾವುದಿದ್ದೀತು?

ಈ ವೃತ್ತಾಂತವನ್ನು ಕೇಳಿದ ತಾಯಿಯವರು ಮರವನ್ನು ಮತ್ತೊಮ್ಮೆ ತಲೆಯೆತ್ತಿ ನೋಡಿದರು. “ಉಪಕಾರ ಮರೆಯದವರ ದೀಪ, ನಮಸ್ಕಾರ ಮಾಡು, ಮಗು” ಎಂದು ಮೊಮ್ಮಗಳಿಗೆ ಹೇಳಿ ತಾವೂ ಕೈಮುಗಿದರು. ಆ ರಾತ್ರಿ ಚಳಿಯ ಮಾತನ್ನು ಅವರು ಎತ್ತಲಿಲ್ಲ.