ಉಪ್ಪುನೀರಿನ ಉಪದ್ವ್ಯಾಪ

ಪುಣೆಯಲ್ಲಿ ಏನಿದೆ, ಏನಿಲ್ಲ ಎಂಬ ಚರ್ಚೆ ನಮ್ಮ ಕನ್ನಡಿಗರು ನಾಲ್ಕು ಜನ ಸೇರಿದಲ್ಲೆಲ್ಲ ನಡೆಯುವುದುಂಟು. ಧಾರವಾಡದವರಿಗೆ ಇಲ್ಲಿಯ ಪೇಢೆ ರುಚಿಸದು, ಮೈಸೂರಿನವರಿಗೆ ಇಲ್ಲಿಯ ಕಾಫಿ ಗಂಟಲಲ್ಲಿ ಇಳಿಯದು. ಕುಮಟೆಯ ಕಡೆಯಿಂದ ಬಂದ ನಮ್ಮ ಕೊರಗು ಮಾತ್ರ ಯಾರೂ ತೀರಿಸಲಾಗದಂಥದು: ಇಲ್ಲಿ ಸಮುದ್ರವಿಲ್ಲ. ಸಮುದ್ರಮಟ್ಟದಿಂದ ಸುಮಾರು 560 ಮೀಟರು ಎತ್ತರದಲ್ಲಿ, ಸಹ್ಯಾದ್ರಿಯ ಬೆನ್ನಿಗೆ ಆತು ಕುಳಿತ ಊರಿದು. ಮುಳಾ ಇದೆ, ಮುಠಾ ಇದೆ, ಖಡಕವಾಸಲೆಯ ಜಲಾಶಯವಿದೆ. ಉಪ್ಪುನೀರು ಬೇಕಾದರೆ ಮಾತ್ರ ಘಟ್ಟ ಇಳಿಯಬೇಕು. ಮನಸ್ಸು ಬಂದಾಗಲೆಲ್ಲ ಘಟ್ಟ ಇಳಿಯುವಷ್ಟು ರಜೆ ಗುಮಾಸ್ತರ ಖಾತೆಯಲ್ಲಿ ಇರುವುದಿಲ್ಲವಾದ್ದರಿಂದ, ಆರು ವರ್ಷಗಳ ಹಿಂದೆ ನಾವು ಸಮುದ್ರವನ್ನೇ ನಮ್ಮ ಎರಡನೆಯ ಮಾಳಿಗೆಯ ಮನೆಗೆ ಹತ್ತಿಸಿದೆವು. ಮೂರಡಿ ಉದ್ದದ, ಹತ್ತಿರ ಹತ್ತಿರ ಇನ್ನೂರು ಲೀಟರು ಹಿಡಿಯುವ ಗಾಜಿನ ತೊಟ್ಟಿ. ದೇವರ ಮಾಡದ ಎದುರು ಗೋಡೆಗೆ ಅದರ ಸ್ಥಾಪನೆಯಾಯಿತು.

ಸಿಹಿನೀರಿನ ಮೀನು ಸಾಕುವುದು ಹವ್ಯಾಸ, ಉಪ್ಪುನೀರಿನದು ಎರಡನೆಯ ಸಂಸಾರ ಎಂಬುದು ನಮ್ಮ ಮನೆಯಾಕೆಯ ಅಭಿಪ್ರಾಯ. ನೆರೆಯವರೊಬ್ಬರು, "ಅದಕ್ಕೇನು, ಒಂದು ಪೊಟ್ಟಣ ಅಡಿಗೆಯ ಉಪ್ಪು ಕದಡಿದರಾಯಿತು" ಎಂದಿದ್ದರು. ಅಷ್ಟು ಸುಲಭವಲ್ಲ. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅದರಲ್ಲಿ ಬಹುಪಾಲು ನಾವು ತಿನ್ನುವ ಉಪ್ಪೇ ಆದರೂ, ಮೆಗ್ನೀಶಿಯಂ, ಕ್ಯಾಲ್ಸಿಯಂ, ಪೊಟಾಶಿಯಂ, ಸಲ್ಫೇಟುಗಳು ತಕ್ಕ ಪ್ರಮಾಣದಲ್ಲಿ ಕೂಡದೆ ಅದು ಸಮುದ್ರವಾಗದು, ಉಪ್ಪಿನಕಾಯಿಯ ನೀರಾದೀತು. ಅಮೇರಿಕದ ಓಹಾಯೋ ಪ್ರಾಂತದವರು 1964ರಲ್ಲಿ 'ಇನ್‌ಸ್ಟಂಟ್ ಓಶನ್' ಎಂಬ ಕೃತಕ ಸಮುದ್ರಲವಣವನ್ನು ಮಾರಾಟಕ್ಕೆ ತಂದ ಮೇಲೆಯೇ ಸಮುದ್ರದಿಂದ ದೂರವಿದ್ದವರಿಗೆ ಈ ಚಟ ಸುಲಭವಾಗಿ ಎಟುಕಿದ್ದು. ನಮ್ಮ ತೊಟ್ಟಿಗೆ ಮೊದಲ ಬಾರಿ ಏಳು ಕಿಲೋ ಉಪ್ಪು ಹಿಡಿಯಿತು. ವಾರಕ್ಕೆ ಇಪ್ಪತ್ತು ಲೀಟರು ನೀರು ಬದಲಿಸಬೇಕು. ಅಂದರೆ ಏಳುನೂರು ಗ್ರಾಂ. ಇಪ್ಪತ್ತೈದು ಕಿಲೋ ಬಕೀಟು ಎಂಟು ತಿಂಗಳು ಬರುತ್ತದೆ. ಮನೆಯ ಅಕ್ಕಿಬೇಳೆಯ ಲೆಕ್ಕ ನಮಗೆ ಇಷ್ಟು ಖಚಿತವಾಗಿ ಗೊತ್ತಿಲ್ಲ.

ಈ ಉಪ್ಪನ್ನೂ ಈ ವಿದ್ಯೆಯನ್ನೂ ನಾವು ಪಡೆದದ್ದು ಹಳೆಯ ಪೇಠೆಯ ಓಣಿಯೊಂದರಲ್ಲಿರುವ ಚಿಕ್ಕ ಅಂಗಡಿಯಲ್ಲಿ. ಅಂಗಡಿಯವರು ಎಪ್ಪತ್ತರ ಹತ್ತಿರದವರು. ಓಣಿಗೆಲ್ಲ ಕಾಕಾ, ನಮಗೂ ಕಾಕಾ. ಮುಂಭಾಗದಲ್ಲಿ ಮಕ್ಕಳನ್ನು ಕರೆಯುವ ಗೋಲ್ಡ್‌ಫಿಶ್, ಗಪ್ಪಿಗಳ ತೊಟ್ಟಿಗಳು. ಪರದೆ ಸರಿಸಿ ಒಳಗೆ ಹೋದರೆ ನೀಲಿ ದೀಪದ ಕೆಳಗೆ ಉಪ್ಪುನೀರಿನ ಐದು ತೊಟ್ಟಿಗಳು. ಮೊದಲ ದಿನವೇ ಮೀನು ಕೊಳ್ಳಲು ದುಡ್ಡು ತೆಗೆದ ನಮಗೆ ಕಾಕಾ ಹೇಳಿದ್ದು, "ಮಹಿನಾಭರ ಥಾಂಬಾ, ಸಾಹೇಬ." ತಿಂಗಳೊಪ್ಪತ್ತು ತಡೆಯಿರಿ. ಮೀನು ಹೊರಹಾಕುವ ಅಮೋನಿಯ ಮೀನಿಗೇ ವಿಷ. ಅದನ್ನು ಒಂದು ಜಾತಿಯ ಬ್ಯಾಕ್ಟೀರಿಯ ನೈಟ್ರೈಟ್ ಮಾಡಬೇಕು, ಇನ್ನೊಂದು ಜಾತಿ ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡಬೇಕು. ಇವೆರಡೂ ಮರಳಿನಲ್ಲಿ, ಕಲ್ಲಿನಲ್ಲಿ ಬೇರೂರಲು ನಾಲ್ಕಾರು ವಾರ ಬೇಕು. ನಾವು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವರು, ಸಮೀಕರಣ ಬರೆಯಬಲ್ಲೆವು. ಕಾಕಾ ಮೆಟ್ರಿಕ್ಕಿಗೇ ಶಾಲೆ ಬಿಟ್ಟವರು; ಗಾಜಿನ ಮೇಲೆ ಕಂದುಬಣ್ಣದ ಪಾಚಿ ಬಂದ ಬಗೆ ನೋಡಿ ತೊಟ್ಟಿಯ ವಯಸ್ಸು ಹೇಳಬಲ್ಲರು. ಗಿರಾಕಿ ದುಡ್ಡು ಹಿಡಿದು ನಿಂತಾಗ ಬೇಡವೆನ್ನುವ ವ್ಯಾಪಾರಿಯನ್ನು ನಾವು ಅದೇ ಮೊದಲು ನೋಡಿದ್ದು.

ಕಾಕಾನಲ್ಲಿ ಸಿಗದ್ದಕ್ಕೆ ಆಗ ಮುಂಬಯಿಯೇ ಗತಿ. ಕುರ್ಲಾದ ಅಲಂಕಾರಿಕ ಮೀನಿನ ಸಗಟು ಪೇಟೆಯಲ್ಲಿ ಬೆಳಗಿನಿಂದ ಅಲೆದು, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಸಂಜೆಯ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುವುದು. ಒಮ್ಮೆ ಕರ್ಜತ್ ದಾಟುವಾಗ ಎದುರಿನ ಆಸನದ ಅಜ್ಜಿಯೊಬ್ಬರು ಬಹಳ ಹೊತ್ತು ಪೆಟ್ಟಿಗೆ ನೋಡಿ, "ಪಾಪಲೇಟ ಆಹೇ ಕಾ?" ಎಂದು ವಿಚಾರಿಸಿದರು. ಪಾಪಲೇಟ್ ಅಲ್ಲ, ತಿನ್ನುವುದಕ್ಕಲ್ಲ, ಸಾಕುವುದಕ್ಕೆ ಎಂದು ತಿಳಿಸಿದೆವು. ಅವರು ದರ ಕೇಳಿದರು. ಹೇಳಿದ ಮೇಲೆ ಲೋಣಾವಳೆಯ ತನಕ ನಮ್ಮೊಡನೆ ಮಾತಾಡಲಿಲ್ಲ.

ಈಗ ಆ ತೊಂದರೆಯಿಲ್ಲ. ಆನ್‌ಲೈನ್ ಅಂಗಡಿಗಳು ಬಂದಿವೆ. ಎಲ್ಲವೂ ಬಾಗಿಲಿಗೆ ಬರುತ್ತದೆ. ಹಳೆಯದೆಲ್ಲ ಚಿನ್ನವೆಂದು ಹಾಡುವವರ ಗುಂಪಿಗೆ ನಾವು ಸೇರಿದವರಲ್ಲ, ಆದ್ದರಿಂದ ಇದ್ದದ್ದನ್ನು ಹೇಳಬೇಕು. ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ನಾವು ಈ ಊರಿನಲ್ಲಿ ಒಂದು ವರ್ಷ ಹುಡುಕಿದ್ದೆವು. ಆನ್‌ಲೈನಿನಲ್ಲಿ ನಾಲ್ಕನೆಯ ದಿನ ಕೈಗೆ ಬಂತು. ಅಮೋನಿಯ ಪರೀಕ್ಷಿಸುವ ದ್ರಾವಣ, ಪಂಪಿನ ಬಿಡಿಭಾಗ, ಥರ್ಮಾಮೀಟರು, ಯಾವುದಕ್ಕೂ ಈಗ ಪರದಾಟವಿಲ್ಲ. ಮೇಲಾಗಿ ಬೆಲೆಯೂ ಕಡಿಮೆ. ಗಾಜಿನ ಕೊಳವೆಗೆ, ಪ್ಲಾಸ್ಟಿಕ್ ಪಂಪಿಗೆ ಪ್ರಯಾಣದಿಂದ ಸಾವಿಲ್ಲ. ಒಡೆದರೆ ಹಿಂದಿರುಗಿಸಬಹುದು.

ಮೀನಿನ ವಿಷಯ ಹಾಗಲ್ಲ. ಚಿಂಚವಡದಲ್ಲಿರುವ ನಮ್ಮ ಭಾವಮೈದುನ ಈ ಕಾಲದವನು. ಉಪ್ಪಿನಿಂದ ಹಿಡಿದು ಮೀನಿನ ತನಕ ಅವನದೆಲ್ಲ ಮೊಬೈಲಿನಲ್ಲೇ. ಹೋದ ವರ್ಷ ಬೇಸಗೆಯ ಒಂದು ಬೆಳಿಗ್ಗೆ ಫೋನು ಬಂತು: "ಭಾವ, ಪೆಟ್ಟಿಗೆ ಬಂತು. ಒಂದು ಮಲಗಿಬಿಟ್ಟಿದೆ, ಬೇಗ ಬನ್ನಿ." ದಕ್ಷಿಣದ ದೊಡ್ಡ ಊರೊಂದರಿಂದ ತರಿಸಿದ ಕ್ಲೌನ್‌ಫಿಶ್ ಜೋಡಿ, ರಾತ್ರಿಯ ಬಸ್ಸಿನ ಪಾರ್ಸೆಲಿನಲ್ಲಿ ಹೊರಟು, ನಡುವೆ ಎಲ್ಲೋ ಬಸ್ಸು ಬದಲಾಗಿ, ಮೂವತ್ತು ತಾಸಿನ ಮೇಲೆ ಬಂದು ಮುಟ್ಟಿತ್ತು. ನಾವು ಹೋಗುವಷ್ಟರಲ್ಲಿ ಒಂದರ ಕತೆ ಮುಗಿದಿತ್ತು. ಇನ್ನೊಂದು ಮೂರನೆಯ ದಿನ ಹೋಯಿತು.

ಮೂರನೆಯ ದಿನ ಏಕೆ ಹೋಯಿತೆಂಬುದಕ್ಕೆ ನಮ್ಮ ಬಿ.ಎಸ್ಸಿ. ಒಂದು ಉತ್ತರ ಕೊಡುತ್ತದೆ. ಮುಚ್ಚಿದ ಚೀಲದಲ್ಲಿ ಮೀನು ಉಸಿರಾಡುತ್ತ ಇಂಗಾಲದ ಡೈ ಆಕ್ಸೈಡನ್ನೂ ಅಮೋನಿಯವನ್ನೂ ಬಿಡುತ್ತದೆ. ಇಂಗಾಲದ ಡೈ ಆಕ್ಸೈಡು ಹೆಚ್ಚಿದಂತೆ ನೀರು ಆಮ್ಲದ ಕಡೆಗೆ ವಾಲುತ್ತದೆ. ಆಗ ಅಮೋನಿಯ ಬಹುಮಟ್ಟಿಗೆ ಅಮೋನಿಯಂ ರೂಪದಲ್ಲಿ ಅಷ್ಟೊಂದು ಕೇಡು ಮಾಡದೆ ಇರುತ್ತದೆ. ಪೆಟ್ಟಿಗೆ ಬಂತೆಂಬ ಸಂಭ್ರಮದಲ್ಲಿ ಚೀಲದ ಬಾಯಿ ಬಿಚ್ಚಿದೊಡನೆ ಆ ಅನಿಲ ಹೊರಟುಹೋಗುತ್ತದೆ, ನೀರು ಕ್ಷಾರದ ಕಡೆಗೆ ತಿರುಗುತ್ತದೆ, ಇಷ್ಟು ಹೊತ್ತು ಸುಮ್ಮನಿದ್ದದ್ದು ಮತ್ತೆ ಅಮೋನಿಯವಾಗಿ ಕಿವಿರುಗಳನ್ನು ಸುಡುತ್ತದೆ. ಪ್ರಯಾಣ ಉದ್ದವಾದಷ್ಟೂ ಚೀಲದಲ್ಲಿ ಈ ಸಾಲ ಬೆಳೆಯುತ್ತದೆ. ಕಾಕಾನ ಅಂಗಡಿಯಿಂದ ನಮ್ಮ ಮನೆಗೆ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ಸಾಲ ಮಾಡುವಷ್ಟು ಅವಧಿಯೇ ಮೀನಿಗೆ ಸಿಗುವುದಿಲ್ಲ.

ಮಾರಿದವರು ಮೋಸಗಾರರೇನಲ್ಲ. 'ಜೀವಂತ ತಲುಪಿಸುವ ಭರವಸೆ' ಎಂದು ಬರೆದಿದ್ದರು, ಅದರಂತೆ ನಡೆದರು. ಪೆಟ್ಟಿಗೆ ತೆರೆಯುವುದನ್ನು ಚಿತ್ರೀಕರಿಸಿ ಎರಡು ತಾಸಿನೊಳಗೆ ಕಳುಹಿಸಬೇಕೆಂಬುದು ನಿಯಮ, ಭಾವಮೈದುನ ಕಳುಹಿಸಿದ, ಸತ್ತ ಒಂದರ ದುಡ್ಡು ಬಂತು. ಮೂರನೆಯ ದಿನದ್ದಕ್ಕೆ ಬರಲಿಲ್ಲ. ಅದು ಜೀವಂತವಾಗಿಯೇ ತಲುಪಿತ್ತಲ್ಲ! ಇಪ್ಪತ್ತು ವರ್ಷ ಸರಕಾರಿ ಲೆಕ್ಕ ಬರೆದ ನಮಗೆ ಈ ವಾಕ್ಯರಚನೆಯ ಬಗ್ಗೆ ಗೌರವವೇ ಉಂಟಾಯಿತು.

ಹಾಗೆ ನೋಡಿದರೆ ಇಡೀ ಪ್ರಶ್ನೆಯೇ ಲೆಕ್ಕದ್ದು: ಸಾವನ್ನು ಯಾವ ಖಾತೆಗೆ ಖರ್ಚು ಬರೆಯಬೇಕು? ಉಪ್ಪುನೀರಿನ ಮೀನುಗಳಲ್ಲಿ ಹೆಚ್ಚಿನವು ಇಂದಿಗೂ ಸಮುದ್ರದಿಂದ ಹಿಡಿದು ತಂದಂಥವು. ಫಿಲಿಪೈನ್ಸಿನ ಕಡೆ 1960ರ ದಶಕದಿಂದ ಬಂಡೆಯ ಸಂದಿಗಳಿಗೆ ಸಯನೈಡ್ ಚಿಮ್ಮಿಸಿ ಮೀನಿಗೆ ಮತ್ತು ಬರಿಸಿ ಹಿಡಿಯುವ ಪದ್ಧತಿ ಬೆಳೆಯಿತು. ಹಾಗೆ ಹಿಡಿದ ಮೀನು ಕೆಲವು ದಿನ ಲಕ್ಷಣವಾಗಿ ಈಜಾಡಿ, ಆಮೇಲೆ ಕಾರಣ ಕಾಣದೆ ಸಾಯುವುದುಂಟು. ಕಾಕಾ ಹೊಸ ಮೀನನ್ನು ಹದಿನೈದು ದಿನ ಬೇರೆ ಇಟ್ಟು ನೋಡದೆ ಮಾರುವುದಿಲ್ಲ. "ಆಧೀ ಖಾತಾನಾ ಬಘಾ, ಮಗ ಪೈಸೇ ದ್ಯಾ" ಎಂಬುದು ಅವರ ಮಾತು. ತಿನ್ನುವುದನ್ನು ನೋಡಿ, ಆಮೇಲೆ ದುಡ್ಡು ಕೊಡಿ. ಕ್ಲೌನ್‌ಫಿಶ್‌ಗಳು ಹುಟ್ಟುವಾಗ ಎಲ್ಲವೂ ಗಂಡೇ. ಗುಂಪಿನಲ್ಲಿ ದೊಡ್ಡದಾಗಿ ಮೇಲುಗೈ ಪಡೆದದ್ದು ಹೆಣ್ಣಾಗುತ್ತದೆ. ಎರಡು ಹೆಣ್ಣುಗಳನ್ನು ಕೂಡಿಟ್ಟರೆ ಕಾದಾಡುತ್ತವೆ. ಜೋಡಿ ಹೌದೋ ಅಲ್ಲವೋ ಎಂಬುದು ಚಿತ್ರದಲ್ಲಿ ಕಾಣುವುದಲ್ಲ. ತೊಟ್ಟಿಯ ಮುಂದೆ ಕಾಲುತಾಸು ನಿಂತರೆ ತಿಳಿಯುತ್ತದೆ. ಆ ಹದಿನೈದು ದಿನದಲ್ಲಿ ಸತ್ತ ಮೀನೆಲ್ಲ ಕಾಕಾನ ಖಾತೆಗೆ. ಅವರ ಮೀನಿನ ಬೆಲೆ ಹೆಚ್ಚೆಂದು ಗೊಣಗುವವರು ಕೊಡುವುದು ಬದುಕಿದ ಒಂದರ ಬೆಲೆ ಮತ್ತು ಬದುಕದವುಗಳ ಪಾಲು. ಆನ್‌ಲೈನಿನಲ್ಲಿ ಆ ಪಾಲನ್ನು ಕಡಿತಗೊಳಿಸಿ, ಸಾವನ್ನು ಗಿರಾಕಿಯ ಮನೆಗೇ ಪಾರ್ಸೆಲ್ ಮಾಡುತ್ತಾರೆ.

ಎಲ್ಲ ಅಂಗಡಿಯವರೂ ಕಾಕಾ ಅಲ್ಲವೆಂಬುದೂ ನಿಜ. ಇದೇ ಊರಿನಲ್ಲಿ, ಬಾಟಲಿಯಷ್ಟು ನೀರಿನಲ್ಲಿ ಮೀನಿಟ್ಟು, ಕೇಳಿದವರಿಗೆಲ್ಲ "ಬದುಕುತ್ತದೆ, ತೆಗೆದುಕೊಂಡು ಹೋಗಿ" ಎನ್ನುವ ಅಂಗಡಿಗಳನ್ನೂ ನೋಡಿದ್ದೇವೆ. ಅಂಥವರಿಗಿಂತ ದೂರದ ಪ್ರಾಮಾಣಿಕ ಮಾರಾಟಗಾರನೇ ಮೇಲು. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯುಳ್ಳ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್‌ಫಿಶ್ ಮರಿಮಾಡಿಸುವ ವಿಧಾನವನ್ನು ಬಳಕೆಗೆ ತಂದಿದ್ದಾರೆ. ತೊಟ್ಟಿಯಲ್ಲೇ ಹುಟ್ಟಿ ಒಣ ಆಹಾರಕ್ಕೆ ಒಗ್ಗಿದ ಮರಿ ಗಟ್ಟಿಯಾಗಿರುತ್ತದೆ, ಸಮುದ್ರಕ್ಕೂ ನಷ್ಟವಿಲ್ಲ. ಅಂಥದನ್ನು ಒಂದೇ ರಾತ್ರಿಯ ದಾರಿಯಿಂದ ತರಿಸುವವರ ಮೇಲೆ ನಮಗೆ ತಕರಾರಿಲ್ಲ.

ತಕರಾರಿರುವುದು ಇನ್ನೊಂದಕ್ಕೆ. ಭಾವಮೈದುನನ ಮೊಬೈಲಿಗೆ ಈಚೆಗೆ ಒಂದು ಚಿತ್ರ ಬಂದಿತ್ತು: ಜೀವಂತ ಹವಳದ ತುಂಡು, ಹೆಸರಿಲ್ಲದ ಮಾರಾಟಗಾರ, ಬೆಲೆ ಗುಟ್ಟಾಗಿ ಕೇಳಬೇಕು. "ಏನು ಭಾವ, ತರಿಸಲೇ?" ಎಂದ. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರದು. 2001ರಲ್ಲಿ ಬಂಡೆ ಕಟ್ಟುವ ಹವಳಗಳನ್ನೂ ಕಡಲಕುದುರೆಗಳನ್ನೂ ಅದರ ಒಂದನೆಯ ಅನುಸೂಚಿಗೆ ಸೇರಿಸಿದರು. ಅಂದು ಹುಲಿಯಿದ್ದ ಪಟ್ಟಿಯಲ್ಲೇ ಹವಳವೂ ಕೂತಿತು. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನೀರಿನ ಕೆಳಗೆ ಇರುವ ಹವಳ ಅದೇ ಜಾತಿಯ ಜೀವ. ಸರಕಾರದ ಅನ್ನ ತಿನ್ನುವವರ ಮನೆತನಕ್ಕೆ ಹುಲಿಯ ಸರೀಕನನ್ನು ಕೊರಿಯರಿನಲ್ಲಿ ತರಿಸಬೇಡವೆಂದು ಹೇಳಿದೆವು. ಅವನು ತರಿಸಲಿಲ್ಲ. ಓಣಿಯ ಅಂಗಡಿಯವನು ಇಂಥದನ್ನು ತೊಟ್ಟಿಯಲ್ಲಿಟ್ಟರೆ ಅರಣ್ಯ ಇಲಾಖೆಯವರಿಗೆ ಅವನ ವಿಳಾಸವಾದರೂ ಗೊತ್ತಿರುತ್ತದೆ.

ಮೊನ್ನೆ ಕಾಕಾನ ಅಂಗಡಿಗೆ ಹೋದಾಗ ಪರದೆಯ ಹಿಂದೆ ಐದರಲ್ಲಿ ಮೂರು ತೊಟ್ಟಿಗಳು ಖಾಲಿಯಾಗಿದ್ದವು. ವಿಚಾರಿಸಿದೆವು. ಮೀನಿನಲ್ಲಿ ಯಾವ ಕಾಲಕ್ಕೂ ಲಾಭವಿರಲಿಲ್ಲವಂತೆ. ಉಪ್ಪು, ಪಂಪು, ದೀಪಗಳಲ್ಲಿ ಬಂದ ಲಾಭವೇ ಮೀನಿನ ನಷ್ಟವನ್ನು ತುಂಬುತ್ತಿದ್ದುದು. ಈಗ ಗಿರಾಕಿಗಳು ಬರುತ್ತಾರೆ, ತೊಟ್ಟಿಗೆ ಬಂದ ರೋಗದ ಚಿತ್ರ ತೋರಿಸಿ ಔಷಧ ಕೇಳುತ್ತಾರೆ, ಕಾಕಾ ಹೇಳಿದ ಔಷಧದ ಹೆಸರನ್ನು ಅವರ ಎದುರಿಗೇ ಮೊಬೈಲಿನಲ್ಲಿ ಹುಡುಕಿ, ನೂರು ರೂಪಾಯಿ ಅಗ್ಗವೆಂದು ಆನ್‌ಲೈನಿನಲ್ಲೇ ತರಿಸುತ್ತಾರೆ. ಸಲಹೆಗೆ ಬಿಲ್ಲಿಲ್ಲ. ಹಿಂಜವಡಿಯಲ್ಲಿ ಕಂಪ್ಯೂಟರ್ ನೌಕರಿಯಲ್ಲಿರುವ ಮಗ, ಉಪ್ಪುನೀರು ಸಾಕು, ಗಪ್ಪಿ ಮಾರಿಕೊಂಡಿರಿ ಎನ್ನುತ್ತಾನಂತೆ. ದೀಪಾವಳಿಯ ತನಕ ನೋಡಿ, ಆಮೇಲೆ ಉಳಿದೆರಡನ್ನೂ ತೆಗೆಯುವ ವಿಚಾರ ಅವರದು. ಹೇಳುವಾಗ ಕಾಕಾ ನಮ್ಮ ಮುಖ ನೋಡಲಿಲ್ಲ; ಬ್ರಶ್ಶಿನಿಂದ ಖಾಲಿ ತೊಟ್ಟಿಯ ಗಾಜು ತಿಕ್ಕುತ್ತಿದ್ದರು.

ಆ ಪರದೆಯ ಹಿಂದಿನ ಭಾಗ ಮುಚ್ಚಿದರೆ ಮೀನಿನ ಮೈಮೇಲೆ ಬಿಳಿಚುಕ್ಕೆ ಕಂಡ ರಾತ್ರಿ ನಾವು ಯಾರ ಬಾಗಿಲು ತಟ್ಟಬೇಕು? ಮೊಬೈಲಿನಲ್ಲಿ ನೂರು ಜನ ನೂರು ಉತ್ತರ ಕೊಡುತ್ತಾರೆ. ಅವರಲ್ಲಿ ಒಬ್ಬರೂ ನಮ್ಮ ತೊಟ್ಟಿ ನೋಡಿದವರಲ್ಲ.

ನಮ್ಮ ಮನೆಯಲ್ಲಿ ಈ ಬಗ್ಗೆ ಒಂದು ಠರಾವು ಆಗಿದೆ. ಉಪ್ಪು, ಆಹಾರ, ಔಷಧ ಈ ಮೂರನ್ನು, ಬೆಲೆ ಏನೇ ಇರಲಿ, ಕಾಕಾನಿಂದಲೇ ಕೊಳ್ಳುವುದು; ಅವರಲ್ಲಿ ಇಲ್ಲದ ಉಪಕರಣಗಳನ್ನಷ್ಟೇ ಆನ್‌ಲೈನಿನಿಂದ. ವರ್ಷಕ್ಕೆ ತಗಲುವ ಹೆಚ್ಚಿನ ಖರ್ಚನ್ನು ಕೂಡಿಸಿ ನೋಡಿದೆವು; ಒಂದು ಮೀನಿನ ಬೆಲೆಗಿಂತ ಕಡಿಮೆಯಾಗುತ್ತದೆ. ಭಾವಮೈದುನನೂ ಒಪ್ಪಿದ್ದಾನೆ, ಸ್ವಲ್ಪ ಗೊಣಗುತ್ತ. ಆದರೆ ಎರಡು ಮನೆಯ ಉಪ್ಪಿನಿಂದ ಐದು ತೊಟ್ಟಿ ನಡೆಯದು. ಐದಾರು ಬಕೀಟುಗಳ ಬೇಡಿಕೆ ಒಟ್ಟಿಗೆ ಬಂದರೆ ಮುಂಬಯಿಯಿಂದ ಸಗಟು ದರದಲ್ಲಿ ತರಿಸಬಹುದೆಂದು ಕಾಕಾ ಹೇಳಿದ್ದಾರೆ. ಆಗ ಅವರಿಗೂ ನಾಲ್ಕು ಕಾಸು ಉಳಿದೀತು, ನಮಗೂ ಆನ್‌ಲೈನಿನ ಬೆಲೆಯ ಹತ್ತಿರಕ್ಕೆ ಬಂದೀತು. ನಮ್ಮ ಸಂಘದ ಸದಸ್ಯರಲ್ಲಿ ಈ ಉಪದ್ವ್ಯಾಪಕ್ಕೆ ಬಿದ್ದವರು ಇನ್ನೂ ಇದ್ದಾರೆಂದು ಕೇಳಿದ್ದೇವೆ. ಕೊಥರೂಡದಲ್ಲಿ ಇಬ್ಬರು, ಖಡಕಿಯಲ್ಲಿ ಒಬ್ಬರು. ಅವರು ಮುಂದಿನ ಮಾಸಿಕ ಸಭೆಗೆ ಬಂದಾಗ ನಮ್ಮನ್ನು ಕಾಣಬೇಕು. ನಮ್ಮ ಬಕೀಟಿನಲ್ಲಿ ಇನ್ನು ಆರು ವಾರಕ್ಕಾಗುವಷ್ಟು ಉಪ್ಪಿದೆ.